ಹಳೆಯ ಕಾರಿನ ಜೀರ್ಣೋದ್ಧಾರ

ಕಳೆದ ಮಳೆಗಾಲವನ್ನು ನಾನು ಒಂದು ಹಳೆಯ ಫಿಯಾಟ್ ಕಾರಿನ ಹೊಟ್ಟೆಯೊಳಗೆ ಕಳೆದೆ. ಹೀಗೆಂದ ಮಾತ್ರಕ್ಕೆ ಓದುಗರು ಇಂಜಿನು ಬಿಚ್ಚಿ ಜೋಡಿಸಿದ ಸಾಹಸದ ಕಥೆಯನ್ನು ನಿರೀಕ್ಷಿಸಬಾರದು. ಇಂಜಿನಿನ ವಿಷಯದಲ್ಲಿ ನನ್ನ ಜ್ಞಾನ ಮುಚ್ಚಳ ಎತ್ತಿ, ತಲೆದೂಗಿ, ಮತ್ತೆ ಮುಚ್ಚಳ ಹಾಕುವಷ್ಟರದು. ನಾನು ಕೈಹಾಕಿದ್ದು ಒಳಗಿನ ಸಜ್ಜಿಗೆ: ಗಾದಿ, ಬಾಗಿಲ ಒಳಹಲಗೆ, ತಲೆಯ ಮೇಲಿನ ಅಸ್ತರು, ಸ್ಟೀರಿಂಗಿನ ಚಕ್ರ, ಕಾಲಡಿಯ ಹಾಸು. ಮೂವತ್ತು ವರ್ಷ ಕಾಲೇಜಿನ ಹುಡುಗರಿಗೆ ತರ್ಕಶಾಸ್ತ್ರ ಹೇಳಿ ನಿವೃತ್ತನಾದ ಮಾಸ್ತರನಿಗೆ ಇದಕ್ಕಿಂತ ನಿರಪಾಯವಾದ ಕೆಲಸ ಸಿಕ್ಕೀತೆ ಎಂದುಕೊಂಡಿದ್ದೆ. ಅದು ನಿರಪಾಯವಾಗಿರಲಿಲ್ಲ.

ಕಾರು ನಮ್ಮ ತಂದೆಯವರದು. 1979ರಲ್ಲಿ ಕೊಂಡದ್ದು. ಇಟಲಿಯ ಫಿಯಾಟ್ 1100ರ ಮಾದರಿಯನ್ನು ಮುಂಬಯಿಯ ಕುರ್ಲಾ ಕಾರಖಾನೆಯಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ ಎಪ್ಪತ್ತರ ದಶಕದಲ್ಲಿ ಅದಕ್ಕೆ ‘ಪದ್ಮಿನಿ’ ಎಂದು ಹೆಸರಿಟ್ಟಿತು. ನಮ್ಮ ಕಡೆಯ ಜನ ಮಾತ್ರ ಕೊನೆಯವರೆಗೂ ಫಿಯಾಟ್ ಎಂದೇ ಕರೆದರು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳೆಂದರೆ ಇವೇ ಆಗಿದ್ದುವು. 2023ರ ಅಕ್ಟೋಬರದಲ್ಲಿ ಅವುಗಳಲ್ಲಿ ಕಡೆಯದೂ ರಸ್ತೆ ಬಿಟ್ಟಿತು. ತಂದೆಯವರು ಖಾನಾಪುರದಲ್ಲಿ ವೈದ್ಯರು. ಜಾಂಬೋಟಿ, ನಂದಗಡ, ಲೋಂಡಾ ಕಡೆಯ ಹಳ್ಳಿಗಳಿಂದ ರಾತ್ರಿ ಕರೆ ಬಂದರೆ ಈ ಗಾಡಿಯಲ್ಲೇ ಹೋಗುತ್ತಿದ್ದರು. ತಮ್ಮ ಕೈಮೀರಿದ ರೋಗಿಯನ್ನು ಹಿಂದಿನ ಗಾದಿಯ ಮೇಲೆ ಮಲಗಿಸಿಕೊಂಡು ಬೆಳಗಾವಿಯ ದವಾಖಾನೆಗೆ ತರುತ್ತಿದ್ದದ್ದೂ ಇದರಲ್ಲೇ. ಅವರು ಹೋದ ಮೇಲೆ ಗಾಡಿ ಖಾನಾಪುರದ ಮನೆಯ ತಗಡಿನ ಮಾಡಿನ ಕೆಳಗೆ ನಿಂತಿತು. ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕೆಂಬ ಸರಕಾರದ ನಿಯಮಕ್ಕೆ ನಮ್ಮ ಭಾವನವರು ತಪ್ಪದೆ ನಡೆದುಕೊಂಡರು. ತಗಡಿನ ತೂತುಗಳ ವಿಷಯದಲ್ಲಿ ಅಷ್ಟು ನಿಷ್ಠೆ ತೋರಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಬರುವ ಮಳೆ ಎಂಥದೆಂಬುದನ್ನು ಆ ತಾಲೂಕಿನವರಿಗೆ ಹೇಳಬೇಕಾಗಿಲ್ಲ. ಹೋದ ಮೇ ತಿಂಗಳಲ್ಲಿ ಭಾವನವರು ಆ ಮನೆಯನ್ನು ಕೆಡವಿ ಕಟ್ಟಿಸಲು ಹೊರಟಾಗ, ಗಾಡಿ ಇಪ್ಪತ್ತಾರು ಕಿಲೋಮೀಟರು ತೆವಳಿಕೊಂಡು ತಿಲಕವಾಡಿಯ ನಮ್ಮ ಅಂಗಳಕ್ಕೆ ಬಂದಿತು.

ಬಾಗಿಲು ತೆಗೆದರೆ ಒಳಗೆ ಒಂದು ಬಗೆಯ ಹುಳಿ ವಾಸನೆ. ಗಾದಿಯ ರೆಕ್ಸಿನ್ ಬೇಸಿಗೆಯ ಕೆರೆಯಂಗಳದಂತೆ ಬಿರಿದಿತ್ತು. ರೆಕ್ಸಿನ್ ಎಂಬುದು ಮೊದಲಿಗೆ ಇಂಗ್ಲೆಂಡಿನ ಒಂದು ಕಂಪನಿಯ ಸರಕಿನ ಹೆಸರು. ಬಟ್ಟೆಯ ಮೇಲೆ ರಾಸಾಯನಿಕ ಲೇಪ ಹಾಕಿ ತೊಗಲಿನಂತೆ ಕಾಣಿಸಿದ ಮಾಲು. ಆಮೇಲೆ ಬಂದ ಪ್ಲಾಸ್ಟಿಕ್ ಲೇಪದ ಬಟ್ಟೆಗೂ ನಾವು ಅದೇ ಹೆಸರನ್ನು ಉಳಿಸಿಕೊಂಡೆವು. ಈ ಪ್ಲಾಸ್ಟಿಕ್ಕು ಸ್ವಭಾವತಃ ಗಡುಸು. ಅದನ್ನು ಮೆತ್ತಗಿಡಲು ಒಂದು ಬಗೆಯ ಎಣ್ಣೆಯಂಥ ದ್ರವವನ್ನು ಬೆರೆಸಿರುತ್ತಾರೆ. ಬಿಸಿಲಿಗೆ ನಿಂತ ಕಾರಿನಲ್ಲಿ ಅದು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಆವಿಯಾಗಿ ಹೊರಡುತ್ತದೆ. ಮುಂಗಾಜಿನ ಒಳಮೈಗೆ ಹತ್ತಿ, ಒರೆಸಿದಷ್ಟೂ ಹರಡುವ ಜಿಡ್ಡನ್ನು ನೀವು ನೋಡಿರಬಹುದು. ಅದರಲ್ಲಿ ಬಹುಪಾಲು ಗಾದಿಯ ಮೈಯಿಂದಲೇ ಬಂದದ್ದು. ಅದನ್ನು ಕಳೆದುಕೊಂಡ ರೆಕ್ಸಿನ್ ಒಣಗಿ ಸೀಳುತ್ತದೆ. ಹೊರಗಿನಿಂದ ಎಣ್ಣೆ ಸವರಿದರೆ ಅದು ಹಿಂದಿರುಗುವುದಿಲ್ಲ. ಕೊಬ್ಬರಿಎಣ್ಣೆ ಎರಡು ದಿನ ಮಿರುಗಿ, ಮೂರನೆಯ ದಿನದಿಂದ ಧೂಳನ್ನು ಹಿಡಿಯಲಾರಂಭಿಸುತ್ತದೆ. ಹಳೆಯ ಗಾಡಿ ಮಾರುವ ದಲಾಲರಿಗೆ ಆ ಎರಡು ದಿನ ಸಾಕಾಗುತ್ತದೆಯೆಂದು ಕಾಣುತ್ತದೆ.

ಬಾಗಿಲ ಒಳಹಲಗೆಗಳದು ಬೇರೆ ಕಥೆ. ಅವು ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡಿನವು, ಮೇಲೆ ರೆಕ್ಸಿನ್ ಹೊದಿಕೆ. ಕಾರಿನ ಬಾಗಿಲೊಳಗೆ ಮಳೆನೀರು ಹೋಗಬಾರದು ಎಂದು ನಾವು ತಿಳಿದಿರುತ್ತೇವೆ. ಹಾಗಿಲ್ಲ. ಗಾಜಿನ ಪಟ್ಟಿಯ ಸಂದಿನಿಂದ ನೀರು ಒಳಗೆ ಇಳಿಯುವುದು ಸಹಜ; ಬಾಗಿಲ ತಳದಲ್ಲಿರುವ ಸಣ್ಣ ತೂತುಗಳಿಂದ ಅದು ಹೊರಗೆ ಹರಿದುಹೋಗಬೇಕು, ಅಷ್ಟೆ. ತೂತುಗಳಲ್ಲಿ ಕೆಸರು ಕಟ್ಟಿತೆಂದರೆ ನೀರು ಒಳಗೇ ನಿಂತು ಹಲಗೆಯನ್ನು ನೆನೆಸುತ್ತದೆ, ಹಲಗೆ ಹಪ್ಪಳದಂತೆ ಉಬ್ಬುತ್ತದೆ. ನಾನು ಒಂದು ಹಳೆಯ ಕೊಡೆಯ ಕಡ್ಡಿಯಿಂದ ಆ ತೂತುಗಳನ್ನು ಚುಚ್ಚಿದಾಗ ಖಾನಾಪುರದ ಕೆಂಪು ಮಣ್ಣು ಉಂಡೆಉಂಡೆಯಾಗಿ ಉದುರಿತು. ಹೊಸ ಹಲಗೆಯ ಮೇಲೆ ಹಳೆಯದನ್ನು ಇಟ್ಟು ಗೀಟೆಳೆದು ಕತ್ತರಿಸಿದೆ. ಅಂಚುಗಳಿಗೂ ಹಿಂಬದಿಗೂ ವಾರ್ನಿಶ್ ಕುಡಿಸಿದೆ. ರೆಕ್ಸಿನ್ನನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿ ಎಳೆದು ಅಂಟಿಸಿದೆ. ಈ ರಬ್ಬರಿನ ಅಂಟಿನದು ವಿಚಿತ್ರ ಸ್ವಭಾವ. ಎರಡು ಮೈಗೂ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗುವವರೆಗೆ ಕಾಯಬೇಕು. ಕೂಡಿಸಿದ ಮೇಲೆ ಬಿಡಿಸಲು ಬರುವುದಿಲ್ಲ. ಮೊದಲನೆಯ ಹಲಗೆಯ ಮೇಲೆ ಇಂದಿಗೂ ಒಂದು ಸುಕ್ಕು ಉಳಿದಿದೆ.

ಸ್ಟೀರಿಂಗ್ ಚಕ್ರದ ಬಿರುಕುಗಳಿಗೆ ಎರಡು ಕೊಳವೆಯ ಅಂಟನ್ನು ಕಲಸಿ ತುಂಬಿ, ಒಂದು ದಿನ ಒಣಗಲು ಬಿಟ್ಟು, ನೀರು ಮುಟ್ಟಿಸುತ್ತ ಪಾಲಿಶ್ ಕಾಗದದಿಂದ ತೀಡಿದೆ. ಇದಕ್ಕೆ ಹಿಡಿದ ತಾಳ್ಮೆಯಲ್ಲಿ ಅರ್ಧವನ್ನು ನಾನು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಕೊಟ್ಟಿದ್ದರೆ ಕೆಲವರಾದರೂ ಪಾಸಾಗುತ್ತಿದ್ದರು. ಗಾದಿಯ ಹೊಲಿಗೆ ಮಾತ್ರ ನನ್ನಿಂದಾಗದ ಕೆಲಸವೆಂದು ಗೊತ್ತಿತ್ತು. ಪೇಟೆಯಲ್ಲಿ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರು ಬಂದು ನೋಡಿ, “ಸ್ಪ್ರಿಂಗ್ ಗಟ್ಟಿ ಅದಾವ್ರೀ ಸರ್ರ, ನಾರು ಅಷ್ಟ ಹೊಸಾದ ಹಾಕೂಣು” ಎಂದರು. ಹಾಕಿದರು.

ಇಷ್ಟರ ನಡುವೆ ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಎಡಗಡೆಯ ಹಿಂಬಾಗಿಲಿನ ಹಿಡಿಕೆಯ ಮೇಲುಗಡೆ, ತಿಳಿಬೂದು ರೆಕ್ಸಿನ್ನಿನ ಮೇಲೆ, ಅಂಗೈಯಗಲದ ಒಂದು ಕಪ್ಪು ಕಲೆಯಿತ್ತು. ಆ ಹೊದಿಕೆ ಮಾತ್ರ ಸೀಳಿರಲಿಲ್ಲವಾದ್ದರಿಂದ ಅದನ್ನೇ ಬಿಡಿಸಿ ಹೊಸ ಹಲಗೆಗೆ ಹಾಕುವುದೆಂದು ಇಟ್ಟಿದ್ದೆ. ಅಂಟುವಾಳದ ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು. ಹತ್ತು ನಿಮಿಷದಲ್ಲಿ ಕಲೆ ಹೋಯಿತು. ಎಷ್ಟು ಚೆನ್ನಾಗಿ ಹೋಯಿತೆಂದರೆ ಮನೆಯವಳನ್ನು ಕರೆದು ತೋರಿಸಿದೆ. ವಾರದ ಮೇಲೆ ಖಾನಾಪುರದಿಂದ ಅಕ್ಕ ಬಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ಕೂತು, ಬಾಗಿಲ ಮೇಲೆ ಕೈಯಾಡಿಸಿದಳು.

“ಅಲ್ಲೋ, ಇಲ್ಲೆ ಕೈ ಗುರುತ ಇತ್ತಲ್ಲ?”

“ತೊಳದೆ.”

“ಅವ್ವ ಅಲ್ಲೇ ಹಿಡಕೊಂಡು ಕೂಡ್ತಿದ್ದಳಲ್ಲೋ.”

ಅವಳು ಮತ್ತೇನೂ ಹೇಳಲಿಲ್ಲ. ಅವ್ವನೊಬ್ಬಳದೇ ಕೈಯಲ್ಲ ಅದು ಎಂದು ನನಗೆ ಆಮೇಲೆ ಹೊಳೆಯಿತು. ರಾತ್ರಿಯಲ್ಲಿ, ಮಳೆಯಲ್ಲಿ, ಬೆಳಗಾವಿ ಇನ್ನೆಷ್ಟು ದೂರ ಎಂದು ಕೇಳುತ್ತ ಆ ಗಾದಿಯ ಮೇಲೆ ಬಂದವರೆಲ್ಲ ಹಿಡಿದದ್ದು ಅಲ್ಲೇ. ಇಪ್ಪತ್ತು ವರ್ಷ ಹಿಡಿದ ಕಲೆ. ಅದನ್ನು ನಾನು ಕೊಳೆ ಎಂದು ಓದಿದ್ದೆ. ಅದು ಕೊಳೆಯೇ ಹೌದು. ಅದರಲ್ಲಿ ಬೆವರು, ಜಿಡ್ಡು, ಧೂಳಿನ ಹೊರತು ಬೇರೇನೂ ಇರಲಿಲ್ಲ. ಆದರೂ ಆ ದಿನ ಸಂಜೆ ನಾನು ಕೆಲಸ ಮುಂದುವರಿಸಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಕೂತಾಗ, ಡ್ರೈವರನ ಬಾಗಿಲಿನ ಮೇಲೆ ತಂದೆಯವರ ಮೊಣಕೈ ಊರಿ ಊರಿ ನುಣುಪಾಗಿ, ಬಣ್ಣ ಹೋಗಿ, ಒಳಗಿನ ಬಟ್ಟೆಯ ನೂಲು ಕಾಣುತ್ತಿದ್ದ ಕೈಯಾಸರೆಯನ್ನು ಬಿಚ್ಚಿ ಹಾಗೆಯೇ ಹೊಸ ಹಲಗೆಗೆ ಕೂಡಿಸಿದೆ.

ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಒಂದು ಮಾತು ಪರಿಚಿತ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ಬಿಡುವಾಗ, ಅದರ ಉತ್ಪನ್ನದಲ್ಲಿ ಪೂಜೆಗೆ, ಆಹಾರದಾನಕ್ಕೆ, ಮತ್ತು ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದಕ್ಕೆ ಎಂದು ಬರೆಸುತ್ತಿದ್ದರು. ಈಗ ನಾವು ಜೀರ್ಣೋದ್ಧಾರ ಎಂಬ ಬಾಲವನ್ನು ಮಾತ್ರ ಉಳಿಸಿಕೊಂಡು ತಲೆಯನ್ನು ಬಿಟ್ಟಿದ್ದೇವೆ. ಮೂಲದ ಮಾತಿನಲ್ಲಿ ಮೊದಲು ಬರುವುದು ಒಡಕು, ಆಮೇಲೆ ಬಿರುಕು, ಕೊನೆಗೆ ಉದ್ಧಾರ. ಕಟ್ಟಡ ಇನ್ನೂ ಹೊಸದಾಗಿರುವಾಗಲೇ, ಇದು ಒಡೆಯುತ್ತದೆ, ಬಿರಿಯುತ್ತದೆ ಎಂದು ಕಲ್ಲಿನ ಮೇಲೆ ಊರಿಗೆಲ್ಲ ಕಾಣುವಂತೆ ಕೆತ್ತಿಸಿದ ಜನ ಅವರು. ದಾನ ಮಾಡುವುದಕ್ಕಿಂತ ದಾನವನ್ನು ಕಾಯುವುದು ದೊಡ್ಡದೆಂದೂ ಆ ಶಾಸನಗಳೇ ಹೇಳುತ್ತವೆ. ಕೊಂಡ ನಮ್ಮ ತಂದೆಯವರಿಗಿಂತ ತೇಪೆ ಹಾಕಿದ ನನಗೆ ಪುಣ್ಯ ಹೆಚ್ಚು ಎಂದು ಇದರಿಂದ ಸಿದ್ಧಪಡಿಸಲು ನೋಡಿದೆ, ಅಕ್ಕ ಒಪ್ಪಲಿಲ್ಲ.

ಇಲ್ಲಿಯವರೆಗಿನದು ಮನೆಯೊಳಗಿನ ವ್ಯವಹಾರ. ಅಳಿಸಿದ್ದೂ ಉಳಿಸಿದ್ದೂ ನಮ್ಮದೇ. ನಿಜವಾದ ತೊಡಕು ಆಗಸ್ಟಿನಲ್ಲಿ ಬಂದಿತು.

ಜೂನ್ ತಿಂಗಳಲ್ಲಿಯೇ ನಾನು ಕಾಲಡಿಯ ಕೊಳೆತ ಹಾಸನ್ನು ಕಿತ್ತಿದ್ದೆ. ಅದರ ಕೆಳಗೆ, ಮುಂದಿನ ಎಡಗಡೆಯಲ್ಲಿ, ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಬಲಗಡೆಯದು ಪರವಾಗಿಲ್ಲ. ತುಕ್ಕನ್ನು ತಂತಿಯ ಬ್ರಶ್ಶಿನಿಂದ ಕೆರೆದು, ತುಕ್ಕು ತಡೆಯುವ ಕೆಂಪು ಬಣ್ಣ ಬಳಿದು, ಮೇಲೊಂದು ತಗಡಿನ ತುಂಡು ಇಟ್ಟು, ಅದರ ಮೇಲೆ ಹೊಸ ಹಾಸನ್ನು ಅಂಟಿಸಿದ್ದೆ. ಬೆಸುಗೆ ಹಾಕಿಸಿರಲಿಲ್ಲ. ಸಂಜೆ ರಾಣಿ ಚನ್ನಮ್ಮ ವೃತ್ತದವರೆಗೆ ಹೋಗಿಬರುವ ಗಾಡಿಗೆ ಅಷ್ಟು ಸಾಕು ಎಂಬ ಭಾವನೆ. ಹಾಸು ಹಾಕಿದ್ದು ಕಾಲಿಗೆ ಮೆತ್ತಗಿರಲಿ ಎಂದು. ಅದರಲ್ಲಿ ಯಾವ ದುರುದ್ದೇಶವೂ ಇರಲಿಲ್ಲ. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಆಗಸ್ಟಿನಲ್ಲಿ ಮಗ ಪುಣೆಯಿಂದ ಬಂದವನು, ಅಂಗಳದಲ್ಲಿ ತನ್ನ ಗಾಡಿ ನಿಲ್ಲಿಸಲು ಜಾಗವಿಲ್ಲದೆ, “ಅಪ್ಪಾ, ಇದನ್ನ ಮಾರಿಬಿಡೂಣು. ಈಗ ಹಳೇ ಫಿಯಾಟಿಗೆ ಹವ್ಯಾಸದವರು ಒಳ್ಳೇ ಕಿಮ್ಮತ್ತು ಕೊಡ್ತಾರ” ಎಂದ. ಒಂದು ವಾರ ಯೋಚಿಸಿ ಹೂಂ ಎಂದೆ. ಹೂಂ ಎಂದ ಆ ರಾತ್ರಿ ನನಗೆ ತಿಳಿಯಿತು, ನನ್ನ ಹಾಸು ಸುಳ್ಳಾಗಿಬಿಟ್ಟಿದೆ ಎಂದು. ನಾನು ಅದನ್ನು ಮುಟ್ಟಿರಲಿಲ್ಲ. ಅದೇ ಬಟ್ಟೆ, ಅದೇ ಅಂಟು. ಜೂನ್ ತಿಂಗಳಲ್ಲಿ ಕಾಲಿನ ಸುಖವಾಗಿದ್ದದ್ದು ಆಗಸ್ಟಿನಲ್ಲಿ, ಮಲಗಿದ ಜಾಗದಲ್ಲಿಯೇ, ಮೋಸವಾಗಿ ಎದ್ದಿತು. ಸುಳ್ಳೆಂದರೆ ಬಾಯಿಂದ ಆಡುವುದು ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ವಾಕ್ಯಕ್ಕಲ್ಲದೆ ವಸ್ತುವಿಗೆ ಸತ್ಯಾಸತ್ಯದ ಗುಣವಿಲ್ಲ ಎಂದು ಕರಿಹಲಗೆಯ ಮೇಲೆ ಬರೆದಿದ್ದೇನೆ.

ಈ ಸಂಕಟವನ್ನು ಮನೆಯಲ್ಲಿ ಹೇಳಿದೆ. ಮನೆಯವಳು ಅಕ್ಕಿ ಆರಿಸುತ್ತ, ತಲೆಯೆತ್ತದೆ ಅಂದಳು: “ದೀಪಾವಳಿಗೆ ಗ್ವಾಡಿಗೆ ಸುಣ್ಣಾ ಬಳೀತೀವಿ. ಬಂದವರಿಗೆಲ್ಲಾ ‘ಈ ಗ್ವಾಡಿ ಒಳಗ ಹಸಿ ಅದರೀ’ ಅಂತ ಹೇಳ್ಕೋತ ಕೂಡ್ತೀವೇನು?”

ಉತ್ತರ ಆ ಕ್ಷಣಕ್ಕೆ ಹೊಳೆಯಲಿಲ್ಲ. ಆಮೇಲೆ ಹೊಳೆದದ್ದು ಇಷ್ಟು: ಸುಣ್ಣ ಯಾರನ್ನೂ ವಂಚಿಸುವುದಿಲ್ಲ, ಏಕೆಂದರೆ ಸುಣ್ಣವನ್ನು ನೋಡಿ ಗೋಡೆ ಹೊಸದೆಂದು ತಿಳಿಯುವವರು ನಮ್ಮಲ್ಲಿ ಯಾರೂ ಇಲ್ಲ. ‘ಹಬ್ಬ ಬಂದಿದೆ, ಮನೆಯನ್ನು ಹಸನು ಮಾಡಿದ್ದೇವೆ’ ಎಂಬಷ್ಟೇ ಅದರ ಅರ್ಥ. ತಲೆಗೂದಲಿಗೆ ಕಪ್ಪು ಹಚ್ಚಿಕೊಳ್ಳುವ ನನ್ನ ಸ್ನೇಹಿತರೊಬ್ಬರಿದ್ದಾರೆ. ಅವರ ವಯಸ್ಸು ಎಪ್ಪತ್ತೆರಡೆಂದು ಇಡೀ ಕಾಂಗ್ರೆಸ್ ರಸ್ತೆಗೆ ಗೊತ್ತು. ಅವರ ಕಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಅವರೇ ಹೆಣ್ಣು ನೋಡಲು ಹೊರಟಿದ್ದರೆ ಮಾತು ಬೇರೆ. ಹೊದಿಕೆ ಸುಳ್ಳೋ ನಿಜವೋ ಎಂಬುದು ಹೊದಿಕೆಯಲ್ಲಿಲ್ಲ. ನೋಡುವವನು ಅದರಿಂದ ಏನನ್ನು ಓದಿಕೊಳ್ಳುತ್ತಾನೆ, ಅವನು ಹಾಗೆ ಓದಿಕೊಳ್ಳಲಿ ಎಂದು ನಾವು ಬಯಸುತ್ತೇವೋ ಇಲ್ಲವೋ, ಇದರಲ್ಲಿದೆ.

ಕಾನೂನು ಏನನ್ನುತ್ತದೆ ಎಂದು ನೋಡಿದೆ. ನಮ್ಮ 1872ರ ಕರಾರು ಕಾಯಿದೆಯ 17ನೆಯ ಕಲಮಿನಂತೆ, ಗೊತ್ತಿದ್ದ ಸಂಗತಿಯನ್ನು ಮೋಸದ ಉದ್ದೇಶದಿಂದ ಪ್ರಯತ್ನಪೂರ್ವಕವಾಗಿ ಮುಚ್ಚಿಡುವುದು ವಂಚನೆ. ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲ. ಅಲ್ಲಿ ಕೊಟ್ಟ ಉದಾಹರಣೆ ಕುದುರೆಯದು. ಕುದುರೆಗೆ ಊನವಿದೆಯೆಂದು ಮಾಲೀಕನಿಗೆ ಗೊತ್ತು, ಲಿಲಾವಿನಲ್ಲಿ ಅವನು ಏನೂ ಹೇಳದೆ ಮಾರುತ್ತಾನೆ: ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾದರೆ ಹೇಳಬೇಕಾದ ಹೊಣೆ ಅವನದು. ಅಂದರೆ ಮಗಳಿಗೆ ಒಂದು ನೀತಿ, ಪರರಿಗೆ ಒಂದು. ಇನ್ನೂ ಮುಂದೆ ಹೋಗಿ 19ನೆಯ ಕಲಮು, ಕೊಳ್ಳುವವನಿಗೆ ಸಾಧಾರಣ ಎಚ್ಚರಿಕೆಯಿಂದ ನಿಜ ತಿಳಿಯಬಹುದಾಗಿದ್ದರೆ, ಮಾರುವವನ ಮೌನವನ್ನೇ ಕಾರಣ ಮಾಡಿ ಕರಾರು ಮುರಿಯಲು ಬಾರದು ಎನ್ನುತ್ತದೆ. ಪರರ ಗಾಡಿಯಲ್ಲಿ ಅಂಟಿಸಿದ ಹಾಸನ್ನು ಕಿತ್ತು ನೋಡುವುದು ಸಾಧಾರಣ ಎಚ್ಚರಿಕೆಯೊ ಅಸಾಧಾರಣ ಉದ್ಧಟತನವೊ ಎಂಬುದನ್ನು ವಕೀಲರು ಹೇಳಬೇಕು.

ಇದು ಹೊಸ ಜಗಳವೇನೂ ಅಲ್ಲ. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಮಗನಿಗೆಂದು ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಒಬ್ಬ ಮನೆ ಮಾರುವವನು ಬರುತ್ತಾನೆ. ಮನೆಯ ತೊಲೆಗಳು ಲಡ್ಡಾಗಿವೆ, ಮಲಗುವ ಕೋಣೆಗಳಲ್ಲಿ ಹಾವು. ಒಡೆಯನೊಬ್ಬನಿಗೆ ಅದು ಗೊತ್ತು. ಡಯೋಜಿನಿಸ್ ಎಂಬ ಪಂಡಿತ ಅವನ ಪಕ್ಷ: ಕೊಳ್ಳೆಂದು ಅವನು ಬಲವಂತ ಮಾಡಿದನೆ? ಆಂಟಿಪೇಟರ್ ಎಂಬ ಅವನ ಶಿಷ್ಯ ಎದುರು ಪಕ್ಷ: ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ಪಾಪವಾದರೆ, ಗೊತ್ತಿದ್ದೂ ಅವನನ್ನು ಹಳ್ಳಕ್ಕೆ ಬಿಡುವುದು ಅದಕ್ಕಿಂತ ಕೀಳು. ಸಿಸೆರೋ ಶಿಷ್ಯನ ಕಡೆಗೆ ವಾಲುತ್ತಾನೆ. ನಾನೂ ವಾಲುತ್ತೇನೆ. ಆದರೆ ಒಂದು ಸಂಶಯ ಉಳಿಯುತ್ತದೆ. ಸಿಸೆರೋನ ಮನೆಯೊಡೆಯನು ಮೊದಲಿನಿಂದಲೂ ಮಾರುವವನು. ನಾನು ಜೂನಿನಲ್ಲಿ ಮಾರುವವನಾಗಿರಲಿಲ್ಲ. ಅಥವಾ ಆಗಿದ್ದೆನೆ? ಬೆಸುಗೆಗೆ ಹಣ ಸುರಿಯದೆ ಹಾಸಿಗೆ ಸುರಿದೆನಲ್ಲ, ಕಾಣುವುದನ್ನು ಮೊದಲು ಮಾಡಿ ಕಾಣದ್ದನ್ನು ಮುಂದಕ್ಕೆ ಹಾಕಿದೆನಲ್ಲ, ಯಾರ ಕಣ್ಣಿಗಾಗಿ? ನನ್ನದೇ ಕಣ್ಣಿಗೆ ಎನ್ನುತ್ತೇನೆ. ಹಾಗಾದರೆ ನಾನು ಮೊದಲು ಮೋಸಮಾಡಿದ್ದು ಯಾರಿಗೆ?

ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಇದ್ದು ನಿವೃತ್ತರಾದ ನೆರೆಯವರೊಬ್ಬರ ಮುಂದೆ ಇದನ್ನು ಹೇಳಿದೆ. ಅವರದು ತತ್ತ್ವಶಾಸ್ತ್ರದ ಬಾಧೆಯಿಲ್ಲದ ಬುದ್ಧಿ. ಎರಕ ಹೊಯ್ದಾಗ ಗಾಳಿ ಸಿಕ್ಕು ಗುಳ್ಳೆಯಂಥ ತೂತು ಉಳಿಯುವುದುಂಟಂತೆ. ಅದಕ್ಕೆ ಎರಡು ಉಪಾಯ. ಕೊಳ್ಳುವ ಕಂಪನಿಗೆ ತಿಳಿಸಿ, ಅವರು ಒಪ್ಪಿದರೆ ಬೆಸುಗೆ ತುಂಬಿ, ಪರೀಕ್ಷೆ ಮಾಡಿಸಿ ಕಳಿಸುವುದೊಂದು. ಲಾಂಬಿ ಮೆತ್ತಿ, ಬಣ್ಣ ಹೊಡೆದು ಕಳಿಸುವುದು ಇನ್ನೊಂದು. “ಬೆಸುಗಿ ಭಾರ ಹೊರತದರೀ. ಲಾಂಬಿ ಬರೇ ಕಣ್ಣ ಹೊರತದ. ನೀವು ಏನ ಮಾಡೀರಿ?” ಎಂದರು. ನಾನು ಚಹಾ ತರಿಸಿದೆ.

ಸೆಪ್ಟೆಂಬರಿನ ಒಂದು ಭಾನುವಾರ ಗಾಡಿ ನೋಡಲು ತಂದೆ-ಮಗ ಬಂದರು. ಖಾನಾಪುರದ ಕಡೆಯವರೇ. ಮಗ ಇಪ್ಪತ್ತೈದರ ಹುಡುಗ, ಬೆಂಗಳೂರಿನಲ್ಲಿ ನೌಕರಿ. ಅಪ್ಪನಿಗೆ ಒಂದು ಫಿಯಾಟ್ ಕೊಡಿಸಬೇಕೆಂದು ಅವನ ಆಸೆ. ಅಪ್ಪ ಖಾನಾಪುರದ ಹಂಚಿನ ಕಾರಖಾನೆಗಳ ಲಾರಿ ಓಡಿಸಿದವರು, ಮಾತು ಕಡಿಮೆ. ಹುಡುಗ ಒಳಗೆ ಕೂತು ನೋಡಿದ್ದೇ ಹಿಗ್ಗಿ, “ಕಾಕಾ, ಒಳಗ ಎಲ್ಲಾ ಹೊಸಾದ ಐತೆಲ್ರೀ! ಭಾಳ ಓಡಸಿಲ್ಲೇನ್ರೀ ಇದನ್ನ?” ಎಂದ.

ಅಲ್ಲಿಗೆ ಬಂತು. ನನ್ನ ರೆಕ್ಸಿನ್ನು, ನನ್ನ ವಾರ್ನಿಶ್ಶು, ಪಾಲಿಶ್ ಕಾಗದ ತೀಡಿದ ನನ್ನ ಇಪ್ಪತ್ತು ಸಂಜೆಗಳು ಎಲ್ಲ ಕೂಡಿ ಅವನ ಬಾಯಿಂದ ಆ ಒಂದು ವಾಕ್ಯವನ್ನು ಆಡಿಸಿದ್ದುವು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಕುದುರೆಯ ಮಾಲೀಕನಂತೆ.

“ಓಡಿಸ್ಯಾರಪಾ, ಭಾಳ ಓಡಿಸ್ಯಾರ. ಇದೆಲ್ಲಾ ನಾನು ಈ ಮಳಿಗಾಲದಾಗ ಮಾಡಿದ್ದು” ಎಂದೆ. ಅಷ್ಟು ಹೇಳಿ ನಿಲ್ಲಿಸಿದೆ. ನೆಲದ ಮಾತು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ಕೂತಿತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಆದದ್ದು ಹಾಗೆ.

ಅಪ್ಪ ಇನ್ನೂ ಒಳಗೆ ಕೂತಿರಲಿಲ್ಲ. ಡ್ರೈವರನ ಬಾಗಿಲು ತೆಗೆದು ಹಿಡಿದುಕೊಂಡು ತಂದೆಯವರ ಕೈಯಾಸರೆಯನ್ನೇ ನೋಡುತ್ತಿದ್ದರು. ಅದರ ಸವೆದ ನೂಲಿನ ಮೇಲೆ ಹೆಬ್ಬೆಟ್ಟು ಆಡಿಸಿ ಕೇಳಿದರು: “ಎಲ್ಲಾ ಹೊಸಾದ ಮಾಡೀರಿ. ಇದೊಂದನ್ನ ಯಾಕ ಬಿಟ್ಟೀರಿ?”

“ಅದು ನಮ್ಮ ತಂದಿಯವರದು.”

“ಡಾಕ್ಟರ್ ಸಾಹೇಬ್ರದೇನ್ರೀ ಈ ಗಾಡಿ?” ಎಂದು ಒಮ್ಮೆ ಗಾಡಿಯನ್ನು ಮೊದಲಿನಿಂದ ನೋಡಿದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ದನಿ ಏರಿಸದೆ, “ಖಾನಾಪುರದಾಗ ನಿಂತ ಗಾಡಿ ಅಂದ್ರ ತಳಾ ಹೋಗಿರಬೇಕಲ್ರೀ” ಎಂದರು.

ಮನೆಯೊಳಗಿಂದ ಅಡಿಗೆಯ ಚಾಕು ತಂದೆ. ಎಡಗಡೆಯ ಹಾಸಿನ ಅಂಚನ್ನು ಎಬ್ಬಿಸಿದೆ. ಅಂಟು ಚೆನ್ನಾಗಿಯೇ ಹಿಡಿದಿತ್ತು, ಕಿರ್ರೆಂದು ಬಿಟ್ಟುಬಂತು. ತಗಡಿನ ತುಂಡನ್ನು ಎತ್ತಿ ತೋರಿಸಿದೆ. ಹುಡುಗನ ಮುಖ ಸಪ್ಪಗಾಯಿತು. ಅವನಪ್ಪ ಕುಕ್ಕರುಗಾಲಿನಲ್ಲಿ ಕೂತು, ಜೇಬಿನಿಂದ ಬೀಗದ ಕೈ ತೆಗೆದು, ತುಕ್ಕಿನ ಅಂಚಿನ ಸುತ್ತಲೂ ಟಕಟಕನೆ ಬಡಿದು ಕೇಳುತ್ತ ಹೋದರು. ಗಟ್ಟಿ ತಗಡು ಎಲ್ಲಿ ಸಿಗುತ್ತದೆಂದು ಅಳೆಯುತ್ತಿದ್ದರೆಂದು ನನಗೆ ಆಮೇಲೆ ಅರ್ಥವಾಯಿತು. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು.

“ಬೆಸುಗಿ ಕೂಡತೈತಿ” ಎಂದು ಮಗನಿಗೆ ಹೇಳಿದರು. ನನ್ನ ಕಡೆ ತಿರುಗಿ, “ಮಳಿ ಪೂರಾ ನಿಲ್ಲಲ್ರೀ, ದೀಪಾವಳಿ ಮುಗಿಸಿ ಬರ್ತೀವಿ” ಎಂದರು. ಕಿಮ್ಮತ್ತಿನ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಹೊರಡುವ ಮೊದಲು ಬಾಗಿಲು ಹಾಕಲೆಂದು ಕೈ ನೀಡಿದವರು ಹಾಕದೆ, ಒಂದು ಗಳಿಗೆ ಡ್ರೈವರನ ಜಾಗದಲ್ಲಿ ಕೂತು, ಬಲ ಮೊಣಕೈಯನ್ನು ಆ ಕೈಯಾಸರೆಯ ಮೇಲೆ ಊರಿ ನೋಡಿದರು.

ಅವರು ಹೋದ ಮೇಲೆ ಹಾಸನ್ನು ಮತ್ತೆ ಅಂಟಿಸಲು ಮನೆಯವಳು ಹೇಳಿದಳು. ಅಂಟಿನ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿದೆ. ಹಾಸನ್ನು ಸುರುಳಿ ಸುತ್ತಿ ಹಿಂದಿನ ಗಾದಿಯ ಮೇಲೆ ಇಟ್ಟಿದ್ದೇನೆ. ನಮ್ಮ ಗೋಡೆಗಳಿಗೆ ಸುಣ್ಣ ಬಳಿಯುವವರು ನಾಳೆ ಬರುತ್ತಾರೆ.